ದೋಣಿ ರಾಜನನ್ನು ಸಮುದ್ರದಲ್ಲಿ ಬಿಟ್ಟ ಮೇಲೆ

ಇಂಥವೆಲ್ಲ ನನಗೆ ಶನಿವಾರಗಳಂದೇ ಆಗುತ್ತವೆ. ಸೋಮವಾರದಿಂದ ಶುಕ್ರವಾರದವರೆಗೆ ನಾನು ಎಲ್ಲರ ಹಾಗೆ ಒಬ್ಬ ಇಂಗ್ಲಿಷ್ ಟೀಚರ್. ಪಾಠ ಮಾಡುತ್ತೇನೆ, ನೋಟ್ಸ್ ತಿದ್ದುತ್ತೇನೆ, ಸಂಜೆ ಮಧುಗಿರಿ ಬಸ್ಸು ಹಿಡಿಯುತ್ತೇನೆ. ಶನಿವಾರ ಬಂತೆಂದರೆ ಏನಾದರೊಂದು ಆಗೇ ಆಗುತ್ತದೆ. ನನಗೆ ಬರೆದು ಅಭ್ಯಾಸವಿಲ್ಲ, ಇದೇ ಮೊದಲು. ಅದಕ್ಕೇ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಗೊತ್ತಿರುವವರು ಬೇಸರ ಮಾಡಿಕೊಳ್ಳಬಾರದು. ಈಗ ಎಲ್ಲವೂ ಸುಸೂತ್ರವಾಗಿ ಮುಗಿದಿರುವುದರಿಂದ ನಗುತ್ತಾ ಬರೆಯಬಲ್ಲೆ. ಆಗ ನಗು ಬಂದಿರಲಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಹೆಡ್‌ಮಾಸ್ಟರ ಷರತ್ತು

ನನ್ನ ಊರು ಕೊರಟಗೆರೆ. ಕೆಲಸ ಸಿಕ್ಕಿದ್ದು ಪಾವಗಡ ತಾಲ್ಲೂಕಿನಲ್ಲಿ, ವೈ.ಎನ್.ಹೊಸಕೋಟೆ ಕಡೆಯ ಒಂದು ಹೈಸ್ಕೂಲಿನಲ್ಲಿ. ನಡುವೆ ಇರಲಿ ಎಂದು ಮಧುಗಿರಿಯಲ್ಲಿ ಮನೆ ಮಾಡಿದೆ. ಒಂಬತ್ತನೇ ಕ್ಲಾಸಿನ ಮಕ್ಕಳು ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದು ನೋಡಿ ನನಗೆ ಅಯ್ಯೋ ಅನ್ನಿಸುತ್ತಿತ್ತು. ಇಂಗ್ಲಿಷಿನ ಎಷ್ಟೋ ಪದಗಳು ಗ್ರೀಕ್ ಭಾಷೆಯಿಂದ ಬಂದವು. ‘ಟೆಲಿ’ ಎಂದರೆ ದೂರ, ‘ಫೋನ್’ ಎಂದರೆ ಧ್ವನಿ, ಎರಡು ಸೇರಿದರೆ ಟೆಲಿಫೋನ್. ಹೀಗೆ ಒಂದು ಮೂಲ ಗೊತ್ತಾದರೆ ಅದರ ಹಿಂದೆ ಒಂದು ರಾಶಿ ಪದಗಳು ಬರುತ್ತವೆ. ಮೂಲ ನೆನಪಿರಬೇಕಾದರೆ ಅದರ ಜೊತೆಗೆ ಒಂದು ಕಥೆ ಇರಬೇಕು, ಗ್ರೀಕರ ಹತ್ತಿರ ಕಥೆಗಳಿಗೆ ಬರವಿಲ್ಲ. ಶನಿವಾರದ ಕೊನೇ ಪೀರಿಯಡ್ ಇದಕ್ಕೆ ಕೊಡಿ ಎಂದು ಹೆಡ್‌ಮಾಸ್ಟರನ್ನು ಕೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಲ್ಲಿರೋ ದೇವರುಗಳಿಗೇ ರಜೆ ಕೊಟ್ಟು ಸಾಕಾಗಿದೆ ಮೇಡಂ. ನೀವು ಹೊರದೇಶದಿಂದ ಬೇರೆ ತರ್ತಿದೀರಿ.”

“ಅವಕ್ಕೆ ರಜೆ ಬೇಡ ಸಾರ್, ಪೀರಿಯಡ್ ಸಾಕು” ಎಂದೆ.

“ಆಯ್ತು. ಆದ್ರೆ ಒಂದು ಮಾತು. ಪೋಷಕರಿಂದ ಒಂದು ದೂರು ಬಂದ್ರೂ ಅವತ್ತೇ ನಿಲ್ಲಿಸ್ತೀನಿ.”

ಆಗ ನಾನಿನ್ನೂ ಪ್ರೊಬೇಷನರಿ, ಅಂದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನನ್ನ ಬಗ್ಗೆ ವರದಿ ಕೊಡಬೇಕಾದವರೂ ಇವರೇ. ಹಾಗಾಗಿ ಆ ವರ್ಷವೆಲ್ಲ ಯಾರಾದರೂ ಪೋಷಕರು ಗೇಟಿನೊಳಗೆ ಬಂದರೆ ನಾನು ಸ್ಟಾಫ್ ರೂಮಿನ ಕಿಟಕಿಯಿಂದ ಅವರ ಮುಖ ನೋಡಿ, ಅದು ದೂರಿನ ಮುಖವೋ ಟಿಸಿ ಕೇಳುವ ಮುಖವೋ ಎಂದು ಅಂದಾಜು ಮಾಡುತ್ತಿದ್ದೆ. ಎರಡೂ ಒಂದೇ ಥರ ಇರುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ.

ಸೂರ್ಯನ ಮಗ, ಟ್ರ್ಯಾಕ್ಟರಿನ ಕೀ

ಮೊದಲು ತೆಗೆದುಕೊಂಡದ್ದು ‘ಹೀಲಿಯೋಸ್’. ಇವನು ಗ್ರೀಕರ ಸೂರ್ಯದೇವ. ಹೀಲಿಯಂ ಅನಿಲಕ್ಕೆ ಹೆಸರು ಬಂದದ್ದು ಇವನಿಂದಲೇ. ಇವನ ಮಗ ಒಂದು ದಿನ ಹಟ ಹಿಡಿದು ಅಪ್ಪನ ರಥ ಓಡಿಸಲು ಹೋಗಿ, ಕುದುರೆಗಳು ಹಿಡಿತಕ್ಕೆ ಸಿಗದೆ, ರಥ ಭೂಮಿಯ ಹತ್ತಿರಕ್ಕೇ ಬಂದು ಎಲ್ಲ ಸುಟ್ಟುಹೋಗುತ್ತದೆ. ಹುಡುಗ ಸಾಯುತ್ತಾನೆ. ನಾನು ದುಃಖದ ದನಿಯಲ್ಲೇ ಹೇಳಿದೆ.

ರಾಯಚರ್ಲು ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. ಅವಳ ಅಪ್ಪ ಸೋಲಾರ್ ಪಾರ್ಕಿನಲ್ಲಿ ಕಾವಲುಗಾರ. “ಮಿಸ್, ಅಷ್ಟು ಹತ್ರ ಬಂದಾಗ ಕರೆಂಟ್ ಎಷ್ಟು ಬಂತು?”

ಹಿಂದಿನ ಬೆಂಚಿನ ಒಬ್ಬ ಉದ್ದನೆಯ ಹುಡುಗ, “ತಪ್ಪು ಅಪ್ಪಂದೇ ಮಿಸ್. ಕೀ ಯಾಕ್ ಕೊಡ್ಬೇಕಿತ್ತು?” ಎಂದ.

ಮುಂದಿನ ವಾರ ಪಾವಗಡ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನನ್ನು ತಡೆದರು. ಉದ್ದನೆಯ ಹುಡುಗನ ಅಪ್ಪ. ಮನೆಯಲ್ಲಿ ಟ್ರ್ಯಾಕ್ಟರ್ ಇದೆ. “ಸೂರ್ಯನ ಮಗನ ಕಥೆ ಹೇಳಿದ್ದು ನೀವೇನಾ?” ಎಂದರು. ಹೌದು, ಏನಾದರೂ ತಪ್ಪಾಯಿತೇ ಎಂದೆ.

“ಏಮೀ ಲೇದು ಮೇಡಂ” ಎಂದರು. ತೆಲುಗಿನಲ್ಲಿ ಏನೂ ಇಲ್ಲ ಎಂದರ್ಥ, ಆ ಕಡೆ ಎರಡೂ ಭಾಷೆ ಬೆರೆಸಿಯೇ ಮಾತು. ಅಂಗಿ ಎತ್ತಿ ಉಡಿದಾರ ತೋರಿಸಿದರು. ಅದಕ್ಕೆ ಟ್ರ್ಯಾಕ್ಟರಿನ ಕೀ ಕಟ್ಟಿತ್ತು. “ದಿನಾ ಕದ್ದು ಓಡುಸ್ತಿದ್ದ. ನಿನ್ನೆ ಅವ್ನೇ ಕೂತ್ಕಂಡು ಕಥೆ ಪೂರ್ತಿ ಹೇಳ್ದ. ಹೇಳೋದ್ ಮುಗಿಯೋದ್ರೊಳ್ಗೆ ಕಟ್ಕಂಬುಟ್ಟೆ.”

ಶಿರಾದಲ್ಲಿ ಸಿಕ್ಕ ಗ್ರೀಸ್

ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಾಲ್ಕೂ ತಾಲ್ಲೂಕಿನ ಇಂಗ್ಲಿಷ್ ಟೀಚರುಗಳಿಗೆ ಆ ಸಲ ತರಬೇತಿ ಶಿರಾದಲ್ಲಿತ್ತು. ಊಟದ ಹೊತ್ತಿನಲ್ಲಿ ನನ್ನ ಗ್ರೀಕ್ ಪಾಠದ ವಿಷಯ ಹೇಳಿದೆ. ತರಬೇತಿ ನಡೆದ ಶಾಲೆಯ ಒಬ್ಬ ಉರ್ದು ಟೀಚರ್ ನಕ್ಕರು.

“ಗ್ರೀಸ್ ಅಷ್ಟು ದೂರ ಯಾಕೆ ಹುಡುಕ್ತೀರಾ? ನಮ್ಮೂರಲ್ಲೇ ಇದೆ. ಯುನಾನಿ ದವಾಖಾನೆ ಬೋರ್ಡ್ ನೋಡಿಲ್ವಾ? ಯುನಾನ್ ಅಂದ್ರೆ ಗ್ರೀಸೇ ಮೇಡಂ.”

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಶನಿವಾರ ಕ್ಲಾಸಿನಲ್ಲಿ ಹೇಳಿಯೇಬಿಟ್ಟೆ. ಗ್ರೀಕರ ವೈದ್ಯ ಪದ್ಧತಿ ಅರಬರ ಮೂಲಕ ನಮ್ಮ ಶಿರಾಕ್ಕೂ ಬಂದಿದೆ, ಬೋರ್ಡು ಸಮೇತ ಇದೆ ಎಂದೆ. ಅಷ್ಟು ಹೇಳಿ ಸುಮ್ಮನಿರಬೇಕಿತ್ತು. ಅದು ಬಹಳ ಹಳೆಯ, ಒಳ್ಳೆಯ ಪದ್ಧತಿ ಎಂದೂ ಸೇರಿಸಿದೆ.

ಕ್ಲಾಸಿನಲ್ಲಿ ಗೊಲ್ಲರ ಹಟ್ಟಿಯ ಒಬ್ಬ ಹುಡುಗನಿದ್ದ. ಹಟ್ಟಿ ಎಂದರೆ ಕುರಿ ಸಾಕುವವರ ಮನೆಗಳ ಗುಂಪು, ಊರಿನಿಂದ ಸ್ವಲ್ಪ ಆಚೆಗಿರುತ್ತದೆ. ಅವನು ಇಂಗ್ಲಿಷ್ ಪಾಠದಲ್ಲಿ ಬಾಯಿ ಬಿಟ್ಟದ್ದನ್ನು ನಾನು ನೋಡಿರಲಿಲ್ಲ. ಶನಿವಾರ ಮಾತ್ರ ಕೈ ಎತ್ತುತ್ತಿದ್ದ. ಹೇಳಿದ ಕಥೆಯನ್ನೆಲ್ಲ ಸಂಜೆ ಕುರಿ ರೊಪ್ಪಕ್ಕೆ ಸೇರಿಸಿದ ಮೇಲೆ ಅಜ್ಜಿಗೆ ಹೇಳುತ್ತಾನಂತೆ. ನಿಜ ಹೇಳಬೇಕೆಂದರೆ ಈ ಪೀರಿಯಡ್ ನಿಂತೀತು ಎಂದು ನಾನು ಹೆದರುತ್ತಿದ್ದದ್ದು ಮುಖ್ಯವಾಗಿ ಅವನಿಗಾಗಿ.

ಸೋಮವಾರ ಅವನು ತಡವಾಗಿ ಬಂದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ.

“ಪಟ್ಟನಾಯಕನಹಳ್ಳಿ ಮಠಕ್ಕೆ ಹೋಗಿದ್ವಿ ಮಿಸ್. ಅಂಗೇ ಶಿರಾಕ್ ಹೋಗಿ ಅಜ್ಜಿ ಮಂಡಿನೋವಿಗೆ ಗ್ರೀಕ್ ಔಷ್ದಿ ತಂದ್ವಿ.”

“ಈಗ ಹೇಗಿದ್ದಾರೆ?”

“ವಾಸಿ ಆದ್ರೆ ಸರಿ ಮಿಸ್. ಆಗ್ದಿದ್ರೆ ನಿಮ್ಮನ್ನ ನೋಡಕ್ ಬತ್ತಾಳಂತೆ.”

ಟಗರಿನ ಹೊಟ್ಟೆ ಕೆಳಗೆ

ಇಷ್ಟಾದ ಮೇಲೆ ನಾನು ದೊಡ್ಡ ಕಥೆ ಶುರುಮಾಡಿದೆ. ಯುದ್ಧ ಮುಗಿಸಿದ ಒಬ್ಬ ಗ್ರೀಕ್ ರಾಜ ಹಡಗಿನಲ್ಲಿ ಮನೆಗೆ ಹೊರಡುತ್ತಾನೆ. ಸಮುದ್ರದ ದೇವರ ಸಿಟ್ಟಿನಿಂದ ವರ್ಷಗಟ್ಟಲೆ ದಾರಿ ತಪ್ಪಿ ಅಲೆಯುತ್ತಾನೆ. ಅವನ ಹೆಸರು ಮಕ್ಕಳ ನಾಲಿಗೆಗೆ ಒಗ್ಗಲಿಲ್ಲ. ‘ದೋಣಿ ರಾಜ’ ಎಂದು ಇಟ್ಟುಕೊಂಡರು. ವಾರಕ್ಕೆ ಒಂದು ಕಂತು, ಜೊತೆಗೆ ಕೆಲವು ಪದಮೂಲ.

ಒಂದು ಕಂತಿನಲ್ಲಿ ರಾಜ ಮತ್ತು ಸಂಗಡಿಗರು ಒಂಟಿಕಣ್ಣಿನ ದೈತ್ಯನ ಗುಹೆಯಲ್ಲಿ ಸಿಕ್ಕಿಬೀಳುತ್ತಾರೆ. ದೈತ್ಯ ಕುರಿ ಸಾಕುವವನು. ರಾಜ ಅವನ ಕಣ್ಣು ಚುಚ್ಚುತ್ತಾನೆ. ಬೆಳಗ್ಗೆ ಕುರಿಗಳನ್ನು ಹೊರಗೆ ಬಿಡುವಾಗ ಕುರುಡ ದೈತ್ಯ ಒಂದೊಂದರ ಬೆನ್ನು ಸವರಿ ನೋಡುತ್ತಾನೆ. ಇವರೆಲ್ಲ ಟಗರುಗಳ ಹೊಟ್ಟೆ ಕೆಳಗೆ ಜೋತುಬಿದ್ದು ಪಾರಾಗುತ್ತಾರೆ.

ಹಟ್ಟಿಯ ಹುಡುಗ ಎದ್ದು ನಿಂತ. “ಆಗಲ್ಲ ಮಿಸ್.”

“ಯಾಕಪ್ಪ?”

“ಟಗರು ಬುಡಲ್ಲ.”

“ಅದು ಕಥೆ ಕಣೋ.”

“ಕಥೆನೇ ಮಿಸ್. ಟಗರಿಗೆ ಅದು ಕಥೆ ಅಂತ ಗೊತ್ತಾಗ್ಬೇಕಲ್ಲ.”

ಉದ್ದನೆಯ ಹುಡುಗ, ಗಟ್ಟಿಯಾಗಿ ಹಿಡಿದುಕೊಂಡರೆ ಆಗುತ್ತದೆ ಎಂದ. ಕ್ಲಾಸು ಎರಡು ಪಕ್ಷವಾಯಿತು. ವಾದ ಮಾಡಲಿ, ಒಳ್ಳೆಯದೇ ಎಂದು ನಾನು ಬಿಟ್ಟೆ. ಅವರು ವಾದಕ್ಕೆ ನಿಲ್ಲಿಸುವವರಲ್ಲ ಎಂದು ನನಗೆ ಹೊಳೆಯಬೇಕಿತ್ತು. ಮುಂದಿನ ಶನಿವಾರ ಶಾಲೆಯ ಹಿಂದೆ ಹಟ್ಟಿಯ ಹುಡುಗನ ಮಾವ ಮೇಯಿಸುತ್ತಿದ್ದ ಮಂದೆಯಿಂದ ಒಂದು ಟಗರು ಇಂಟರ್‌ವಲ್‌ನಲ್ಲಿ ಕಾಂಪೌಂಡಿನೊಳಗೆ ಬಂತು. ಉದ್ದನೆಯವನೇ ದೋಣಿ ರಾಜ. ಕೆಳಗೆ ನುಸುಳಿ ಉಣ್ಣೆ ಹಿಡಿದ. ಟಗರು ಒಂದು ಕ್ಷಣ ಯೋಚನೆ ಮಾಡಿತು. ಆಮೇಲೆ ಓಡಿತು.

ರಾಜ ಮೆಟ್ಟಿಲ ಹತ್ತಿರ ಬಿದ್ದ. ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಟಗರು ಮಾತ್ರ ನೇರ ಹೆಡ್‌ಮಾಸ್ಟರ ರೂಮಿಗೆ ನುಗ್ಗಿತು. ಅವರು ಆಗ ಮೊಬೈಲ್ ಎದುರಿಗಿಟ್ಟುಕೊಂಡು ಆನ್‌ಲೈನ್ ಮೀಟಿಂಗಿನಲ್ಲಿದ್ದರು.

ಆಮೇಲೆ ನನ್ನನ್ನು ಕರೆಸಿದರು. ನಾನು ಕೈಕಟ್ಟಿ ನಿಂತೆ.

“ತಾಲ್ಲೂಕಿನ ಹೆಡ್‌ಮಾಸ್ಟರುಗಳೆಲ್ಲ ಸ್ಕ್ರೀನ್ ಮೇಲೆ ಅದರ ಮುಖ ನೋಡಿದ್ರು ಮೇಡಂ. ಮೇಲಿನವರು, ಈಗ ಮಾತಾಡಿದ್ದು ಯಾವ ಶಾಲೆಯವರು ಅಂತ ಕೇಳಿದ್ರು.”

“ಕ್ಷಮಿಸಿ ಸಾರ್.”

ಅವರು ಕನ್ನಡಕ ಒರೆಸಿ ಹಾಕಿಕೊಂಡರು. “ಪೋಷಕರ ದೂರು ಬಂದ್ರೆ ಅಂತ ತಾನೇ ನಾನು ಹೇಳಿದ್ದು? ಟಗರು ಪೋಷಕರಲ್ಲ. ಹೋಗಿ.”

ದೂರು

ಆ ದಿನ ಬಚಾವಾದೆ, ಆದರೆ ಧೈರ್ಯ ಉಳಿಯಲಿಲ್ಲ. ಸ್ವಲ್ಪ ದಿನಕ್ಕೆ ಹಟ್ಟಿಯ ಹುಡುಗನ ಅಪ್ಪ ಗೇಟಿನ ಹತ್ತಿರ ಸಿಕ್ಕು, “ಆ ದೋಣಿ ರಾಜನ ಕಥೆ ಇನ್ನೂ ಎಷ್ಟು ದಿನ ಅದೆ?” ಎಂದರು. ನಗಲಿಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಇದು ದೂರಿನ ಮೊದಲ ಹೆಜ್ಜೆ ಎಂದೇ ತಿಳಿದು, ಅವರು ಎರಡನೆಯದು ಇಡುವ ಮೊದಲೇ ನಾನೇ ಕಥೆ ನಿಲ್ಲಿಸಿದೆ. ಪೀರಿಯಡ್ ಆದರೂ ಉಳಿಯಲಿ ಎಂಬ ಆಸೆ.

ಮುಂದಿನ ಶನಿವಾರಗಳಲ್ಲಿ ಬರೀ ಪದಮೂಲ. ‘ಹೈಡ್ರೋ’ ಎಂದರೆ ನೀರು ಎಂದು ಬೋರ್ಡಿನ ಮೇಲೆ ಬರೆದ ದಿನ ಕ್ಲಾಸು ಸುಮ್ಮನೆ ನನ್ನ ಮುಖ ನೋಡಿತು. ಏಕೆಂದರೆ ರಾಜನನ್ನು ನಾನು ಬಿಟ್ಟದ್ದು ನೀರಿನಲ್ಲೇ. ಹಡಗು ಒಡೆದು, ಸಂಗಡಿಗರೆಲ್ಲ ಸತ್ತು, ಒಬ್ಬನೇ ಮರದ ತೆಪ್ಪದ ಮೇಲೆ. ಹಟ್ಟಿಯ ಹುಡುಗ ಕೈ ಎತ್ತುವುದನ್ನು ಬಿಟ್ಟ.

ಒಂದು ಶನಿವಾರ ಗೇಟಿನೊಳಗೆ ಒಂದು ಗುಂಪೇ ಬಂತು. ಕಂಬಳಿಯ ಅಪ್ಪ, ಕುರಿ ಮೇಯಿಸುವ ಮಾವ, ಟ್ರ್ಯಾಕ್ಟರಿನವರು, ಮುಂದೆ ಒಬ್ಬ ಅಜ್ಜಿ. ಅಜ್ಜಿ ಕೋಲೂರಿಕೊಂಡು ನಡೆಯುತ್ತಿದ್ದರು. ನಾನು ಮುಖ ನೋಡಲಿಲ್ಲ, ಮಂಡಿ ನೋಡಿದೆ.

ಹೆಡ್‌ಮಾಸ್ಟರು ಕರೆಸಿದರು. “ಬನ್ನಿ ಮೇಡಂ. ದೂರು ಬಂದಿದೆ.”

ಪೀರಿಯಡ್ಡೂ ಹೋಯಿತು, ವರದಿಯೂ ಹೋಯಿತು ಎಂದುಕೊಂಡೆ.

ಅಜ್ಜಿ ಕುರ್ಚಿ ಬೇಡವೆಂದು ನೆಲದ ಮೇಲೇ ಕೂತರು. “ನೀನೇ ಏನವ್ವ ಟೀಚರಮ್ಮ?”

“ಹೌದಜ್ಜಿ.”

“ಹೆಂಗಸಾಗಿ ಇಂಗ್ ಮಾಡ್ಬೋದಾ? ಆ ವಯ್ಯನ್ನ ನಡು ನೀರ್ನಾಗೆ ಬುಟ್ಟಿದೀಯಲ್ಲ. ಮನೇಲಿ ಹೆಂಡ್ರು ಕಾಯ್ತಾವ್ಳೆ ಅಂತ ನೀನೇ ಹೇಳಿದ್ಯಂತೆ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಕಂಬಳಿಯವರು ವಿವರಿಸಿದರು. ಹಟ್ಟಿಯಲ್ಲಿ ದೇವರ ಕಥೆ ಹಾಡಲು ಕೂತರೆ ಮಂಗಳ ಹಾಡದೆ ಏಳುವಂತಿಲ್ಲ. ಕಾಡಿಗೆ ಹೋದವನನ್ನು ಮನೆಗೆ ಸೇರಿಸಿಯೇ ನಿಲ್ಲಿಸಬೇಕು. ನಡುವೆ ಬಿಟ್ಟರೆ ಹೇಳಿದವರಿಗೂ ಕೇಳಿದವರಿಗೂ ಒಳ್ಳೆಯದಲ್ಲ. ಅವರು ಅವತ್ತು ಗೇಟಿನ ಹತ್ತಿರ ಇನ್ನೂ ಎಷ್ಟು ದಿನ ಎಂದು ಕೇಳಿದ್ದು, ಮುಗಿಯುವ ದಿನ ಮಂಗಳಕ್ಕೆ ತೆಂಗಿನಕಾಯಿ ತರಬೇಕಾಗಿತ್ತಲ್ಲ, ಅದಕ್ಕೆ.

“ನಮ್ದೂ ಅದೇ ಮೇಡಂ” ಎಂದರು ಟ್ರ್ಯಾಕ್ಟರಿನವರು. “ನನ್ನ ಮಗನ್ ಕೇಳಿದ್ರೆ, ಮಿಸ್ಸೇ ಹೇಳಿಲ್ಲ ಅಂತಾನೆ.”

ಹೆಡ್‌ಮಾಸ್ಟರು ತಲೆ ಹಿಡಿದುಕೊಂಡರು. “ದೂರು ಬಂದ್ರೆ ಪಾಠ ನಿಲ್ಲಿಸ್ತೀನಿ ಅಂದಿದ್ದೆ. ಇವರು ನಿಲ್ಲಿಸಿದ್ದಕ್ಕೇ ದೂರು ತಂದಿದಾರೆ. ಈಗ ನಾನು ಏನು ನಿಲ್ಲಿಸ್ಲಿ ಮೇಡಂ?”

ಅಜ್ಜಿಯೇ ತೀರ್ಪು ಕೊಟ್ಟರು. “ಏನೂ ನಿಲ್ಲಿಸ್ಬ್ಯಾಡ ಕಣಪ್ಪ. ಆ ತಾಯಿ ಈಗ್ಲೇ ಹೇಳಿ ಮುಗಿಸ್ಲಿ. ಕಾಯಿ ತಂದೀವಿ.”

ಅಂಗಳದ ಹೊಂಗೆ ಮರದ ಕೆಳಗೆ ಎಲ್ಲರೂ ಕೂತರು. ಮಕ್ಕಳು ಒಂದು ಕಡೆ, ದೊಡ್ಡವರು ಒಂದು ಕಡೆ, ಹೆಡ್‌ಮಾಸ್ಟರು ಹಾಜರಿ ನೋಡುವ ನೆವದಲ್ಲಿ ಸ್ವಲ್ಪ ದೂರದಲ್ಲಿ. ನಾನು ರಾಜನನ್ನು ದಡ ಸೇರಿಸಿದೆ. ಭಿಕ್ಷುಕನ ವೇಷದಲ್ಲಿ ಮನೆಗೆ ಕಳಿಸಿದೆ. ರಾಣಿಯನ್ನು ಮದುವೆಯಾಗುತ್ತೇವೆಂದು ಮನೆಯಲ್ಲಿ ಬೀಡುಬಿಟ್ಟಿದ್ದವರು ದಿನಾ ಅವನ ಕುರಿಗಳನ್ನೇ ಕಡಿದು ತಿನ್ನುತ್ತಿದ್ದರು ಎಂದಾಗ ಮಾವ ಎದ್ದೇ ನಿಂತರು. ಕೂರಿಸಬೇಕಾಯಿತು. ಮುದಿ ನಾಯಿ ಒಂದೇ ಯಜಮಾನನನ್ನು ಗುರುತು ಹಿಡಿದು ಬಾಲ ಅಲ್ಲಾಡಿಸಿ ಪ್ರಾಣ ಬಿಟ್ಟಿತು ಎಂದಾಗ ಕಂಬಳಿಯವರು ಮುಖ ಆಚೆ ತಿರುಗಿಸಿದರು. ಕೊನೆಗೆ ರಾಣಿ ತಕ್ಷಣ ನಂಬದೆ, ಅವನೇ ಮಾಡಿದ್ದ ಮಂಚದ ಗುಟ್ಟು ಕೇಳಿ ಪರೀಕ್ಷೆ ಮಾಡಿದಳು ಎಂದೆ.

“ಮಾಡ್ಬೇಕು” ಎಂದರು ಅಜ್ಜಿ. “ಇಷ್ಟ್ ದಿನ ಎಲ್ಲೋಗಿದ್ದೆ ಅಂತ್ಲೂ ಕೇಳ್ಬೇಕಿತ್ತು.”

ರಾಜ ಮನೆ ಸೇರಿದ. ಅಜ್ಜಿ ನಾಲ್ಕು ಸಾಲು ಮಂಗಳ ಹಾಡಿದರು. ಕಾಯಿ ಒಡೆದು ಒಂದು ಹೋಳು ನನಗೆ, ಒಂದು ಚೂರು ಹೆಡ್‌ಮಾಸ್ಟರಿಗೆ ಕೊಟ್ಟರು. ಹಟ್ಟಿಯ ಹುಡುಗ ನನ್ನ ಹತ್ತಿರ ಬಂದು, ಆ ವರ್ಷ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಒಂದು ಪೂರ್ತಿ ವಾಕ್ಯ ಹೇಳಿದ. ರಾಜ ಮನೆಗೆ ಬಂದ ಎಂದು, ಅಷ್ಟೇ. ಪೀರಿಯಡ್ ಈಗಲೂ ಇದೆ. ವರದಿಯೂ ಚೆನ್ನಾಗಿಯೇ ಹೋಯಿತು.

ಅಜ್ಜಿ ಕೋಲೂರಿ ಏಳುವಾಗ ಕೈ ಕೊಟ್ಟೆ. ಹೇಗೂ ಗಂಡಾಂತರ ಕಳೆಯಿತಲ್ಲ ಎಂಬ ಧೈರ್ಯದಲ್ಲಿ, “ಔಷಧಿ ಹೇಗಿದೆ ಅಜ್ಜಿ? ಮಂಡಿ ಪರವಾಗಿಲ್ಲವಾ?” ಎಂದು ಕೇಳಿಬಿಟ್ಟೆ.

ಅಜ್ಜಿ ಹೆಡ್‌ಮಾಸ್ಟರ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರಕ್ಕೆ ಬಗ್ಗಿದರು.

“ಅಂಗೇ ಅದೆ ಕಣವ್ವ. ಅದ್ಕೂ ಒಂದು ದೂರು ತಂದಿದ್ದೆ. ಎಲ್ಡೂ ಒಂದೇ ದಿನ ಹೇಳಿದ್ರೆ ಆ ವಯ್ಯ ಕಥೆ ನಿಲ್ಲಿಸ್ಬುಟ್ಟಾನು ಅಂತ ಬಾಯ್ ಮುಚ್ಕಂಡೆ.”