ಇಂದ್ರನ ಎರಡನೆಯ ಗದ್ದ

ಬಸದಿಯ ಎದುರು ಫ್ಲೆಕ್ಸ್ ಕಟ್ಟಿದ್ದೇ ಎಲ್ಲದಕ್ಕೂ ಮೂಲ. ಅದೊಂದು ಇಲ್ಲದಿದ್ದರೆ ಏಕಸಂಬಿಯ ಕಾಕಾಸಾಹೇಬರ ಮಾನವೂ ಮುಖವೂ ಮೊದಲಿನಂತೆಯೇ ಇರುತ್ತಿದ್ದವು.

ಮರುದಿನ ಬಸದಿಯಲ್ಲಿ ದೊಡ್ಡ ಪೂಜೆ. ಅಂಥ ಪೂಜೆಯಲ್ಲಿ ಊರಿನ ಒಬ್ಬ ಗೃಹಸ್ಥ ಇಂದ್ರನಾಗಿ, ಅವನ ಹೆಂಡತಿ ಇಂದ್ರಾಣಿಯಾಗಿ ಮುಕುಟ ಕಟ್ಟಿಕೊಂಡು ಮುಂದೆ ಕೂರುತ್ತಾರೆ. ಕಾಕಾಸಾಹೇಬರ ಅಪ್ಪ ಹಿಂದೊಮ್ಮೆ ಹಾಗೆ ಕೂತಿದ್ದರು. ಗುಂಪಿನಲ್ಲಿ ಇಣುಕಿ ನೋಡಿದ್ದ ಮಗನಿಗೆ ಅಂದಿನಿಂದಲೂ ಅದೊಂದೇ ಆಸೆ. ತಲೆ ನರೆತ ಮೇಲೆ, ಈ ವರ್ಷ ಅದು ಕೂಡಿಬಂದಿತ್ತು.

ಬೆಳಗ್ಗೆ ಹೋಗಿ ನೋಡಿದರೆ ಫ್ಲೆಕ್ಸಿನ ತುಂಬ ಅವರದೇ ಮುಖ. ಇನ್ನೇನು ಹಿಗ್ಗಬೇಕು, ಅಷ್ಟರಲ್ಲಿ ಪಕ್ಕದ ಮನೆಯ ಧರೆಪ್ಪ ಬಂದು ನಿಂತ. ಹಾಲು ಕೊಟ್ಟರೂ ಅದರಲ್ಲಿ ನೊಣ ಹುಡುಕುವ ಮನುಷ್ಯ.

“ಫೋಟೋ ಚಲೋ ಬಂದೈತ್ರಿ. ಆದ್ರ ಗದ್ದ ಎರಡು ಕಾಣಾಕತ್ತಾವು. ನಾಳೆ ಮುಕುಟದ ದಾರ ಯಾವುದಕ್ಕ ಕಟ್ಟೂದು?”

ಕಾಕಾಸಾಹೇಬರು ಮನೆಗೆ ಬಂದು ಕನ್ನಡಿ ಹಿಡಿದರು. ಇಷ್ಟು ವರ್ಷ ಒಂಟಿಯಾಗಿದ್ದ ಗದ್ದ ತಮಗೆ ಹೇಳದೆ ಬಾಡಿಗೆಯವನನ್ನು ಇಟ್ಟುಕೊಂಡಂತೆ ಕಂಡಿತು. ತಾನೂ ಫ್ಲೆಕ್ಸ್ ನೋಡಿಬಂದಿದ್ದ ಹೆಂಡತಿ ಜಿನಮತಿ, ಗದ್ದದಲ್ಲಲ್ಲ, ಆ ಫೋಟೋದಲ್ಲೇ ಏನೋ ಹೆಚ್ಚುಕಮ್ಮಿ ಇದೆ, ಹಿಂದಿನ ಗೋಡೆಯ ಗಡಿಯಾರ ಕೂಡ ಕುಂಬಳಕಾಯಿಯ ಹಾಗಿದೆ ಎಂದು ಹೇಳುತ್ತಿದ್ದಳು. ಅವಳ ಮಾತು ಮುಗಿಯುವ ಮೊದಲೇ ಗಂಡ ಚಿಕ್ಕೋಡಿ ಬಸ್ಸು ಹತ್ತಿದ್ದರು.

ಚಿಕ್ಕೋಡಿಯಲ್ಲಿ ಚರ್ಮದ ಡಾಕ್ಟರಾದ ನೀಲಮ ಅವರು ಗದ್ದ ಒತ್ತಿ ನೋಡಿ, ಇದಕ್ಕೇನೂ ಬೇಕಾಗಿಲ್ಲ ಎಂದರು. ಕಾಕಾಸಾಹೇಬರು ಬಿಡಲಿಲ್ಲ. ಕೊಬ್ಬು ಕರಗಿಸುವ ಇಂಜೆಕ್ಷನ್ ಇರುವುದು ನಿಜ, ಆದರೆ ತಿಂಗಳಿಗೊಂದರಂತೆ ಹಲವು ಸಲ ಚುಚ್ಚಬೇಕು, ಕರಗುವುದೂ ಸ್ವಲ್ಪವೇ, ತಪ್ಪು ಜಾಗಕ್ಕೆ ಬಿದ್ದರೆ ನರಕ್ಕೆ ಪೆಟ್ಟಾಗಿ ನಗು ಸೊಟ್ಟಗಾದೀತು ಎಂದು ಡಾಕ್ಟರು ತಿಳಿಸಿ ಹೇಳಿದರು.

“ಮೊದಲ ಬಾವು ಬರ್ತೈತ್ರಿ. ಇಳಿಯಾಕ ವಾರ, ಎರಡು ವಾರ ಬೇಕು. ನಾಳೆ ಪೂಜಾ ಅಂತೀರಿ, ಇವತ್ತಂತೂ ಬ್ಯಾಡ. ಮತ್ತ ಸಿಕ್ಕಸಿಕ್ಕವರ ಕಡೆ ಚುಚ್ಚಿಸ್ಕೋಬ್ಯಾಡ್ರಿ. ಬಾಟಲಿಯೊಳಗ ಏನಿರ್ತೈತೋ ಯಾರಿಗೆ ಗೊತ್ತು.”

ಉಪಾಯ ಕೇಳಲು ಹೋದವರಿಗೆ ಉಪದೇಶ ಸಿಕ್ಕರೆ ಹಿಡಿಸೀತೇ? ಹೊರಗೆ ನಿಪ್ಪಾಣಿ ಬಸ್ಸು ನಿಂತಿತ್ತು, ಅಲ್ಲಾದರೂ ಚುಚ್ಚುವವರು ಸಿಕ್ಕಾರೆಂದು ಹತ್ತಿದರು. ಪಕ್ಕದ ಸೀಟಿನವನು ದುಃಖ ಕೇಳಿ ಒಂದು ಪಾರ್ಲರಿನ ವಿಳಾಸ ಕೊಟ್ಟ. ಪರರ ದುಃಖಕ್ಕೆ ವಿಳಾಸ ಕೊಡುವವರು ನಮ್ಮ ಬಸ್ಸುಗಳಲ್ಲಿ ಯಾವತ್ತೂ ಇರುತ್ತಾರೆ.

ಪಾರ್ಲರಿನ ಸಂಗ್ರಾಮ ಒಬ್ಬರ ತಲೆಗೆ ಬಣ್ಣ ಹಚ್ಚುತ್ತಿದ್ದವನು ಅದೇ ಕೈ ಒರೆಸಿಕೊಂಡು ಸೂಜಿ ತೆಗೆದ. ತುಪ್ಪ ಕರಗಿದ ಹಾಗೆ ಕರಗುತ್ತದೆ, ಸಂಜೆಗೆ ಕಾಲೇಜು ಹುಡುಗನಂತೆ ಕಾಣುತ್ತೀರಿ ಎಂದ. ಕಾಕಾಸಾಹೇಬರೂ ಕಣ್ಣು ಮುಚ್ಚಿ ಒಪ್ಪುವವರಲ್ಲ. ಧರ್ಮದ ಪ್ರಶ್ನೆಯೊಂದನ್ನು ಕೇಳಿಯೇಬಿಟ್ಟರು.

“ಇದರಾಗ ಪ್ರಾಣಿಯಿಂದ ತಗದದ್ದು ಏನೂ ಇಲ್ಲಲ್ಲ?”

“ಶುದ್ಧ ಶಾಕಾಹಾರಿ ಐತ್ರಿ,” ಎಂದ ಸಂಗ್ರಾಮ.

ಅವರಿಗೆ ಸಮಾಧಾನವಾಯಿತು. ಅದರಲ್ಲಿ ಏನು ಇಲ್ಲ ಎಂಬುದು ಗೊತ್ತಾಯಿತಲ್ಲ, ಏನು ಇದೆ ಎಂದು ಕೇಳುವ ಗೊಡವೆಗೆ ಹೋಗಲಿಲ್ಲ.

ಚುಚ್ಚಿಸಿಕೊಂಡು ಹತ್ತಿದ ಬಸ್ಸು ಮರಳಿ ಚಿಕ್ಕೋಡಿ ಮುಟ್ಟುವಷ್ಟರಲ್ಲಿ ಗದ್ದಕ್ಕೆ ಬೆಂಕಿ ಬಿದ್ದಂತಾಯಿತು. ಊರು ಬರುವ ಹೊತ್ತಿಗೆ ಅದು ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತು. ಟವೆಲ್ ಸುತ್ತಿಕೊಂಡು ಇಳಿದರೆ ಒಬ್ಬ ಹಲ್ಲುನೋವೆಂದು ಬಾಯಿಗೆ ಲವಂಗ ತುರುಕಿದ. ಇನ್ನೊಬ್ಬ ಜೇನುಹುಳು ಕಚ್ಚಿದೆಯೆಂದು ಮುಳ್ಳು ಹುಡುಕತೊಡಗಿದ. ಓಣಿಯ ಸುಂದರಾಕಾಕು ಏನನ್ನೂ ಕೇಳದೆ ಅರಿಶಿನ, ಸುಣ್ಣ ಕಲಸಿ ಬಳಿದೇಬಿಟ್ಟಳು. ಇವರೆಲ್ಲರನ್ನೂ ದಾಟಿ ಮನೆ ಸೇರುವಷ್ಟರಲ್ಲಿ ಹೊತ್ತು ಮುಳುಗಿ, ಕತ್ತಲಾದ ಮೇಲೆ ಉಣ್ಣದ ಜೈನರಿಗೆ ಆ ದಿನದ ಊಟವೂ ತಪ್ಪಿತು.

ಆಗಲೇ ಬಸದಿಯಿಂದ ಕರೆ ಬಂತು, ಮುಕುಟ ಕಟ್ಟಿ ನೋಡಬೇಕಂತೆ. ಪಂಡಿತರು ದಾರ ಎಳೆದರು, ಸಾಲಲಿಲ್ಲ. ಇನ್ನೊಂದು ದಾರ ಗಂಟು ಹಾಕಿ ಗದ್ದಕ್ಕೆ ಮುಟ್ಟಿಸಿದ್ದೇ ತಡ, ಇಂದ್ರ ಹಾಕಿದ ಕೂಗಿಗೆ ಬಸದಿಯ ಪಾರಿವಾಳಗಳೆಲ್ಲ ಹಾರಿದವು. ಮುಕುಟವಿಲ್ಲದ ಇಂದ್ರ ಶಾಸ್ತ್ರದಲ್ಲೇ ಇಲ್ಲ ಎಂದರು ಪಂಡಿತರು. ಬೇರೆ ಯಾರು ಎಂಬ ಮಾತು ಏಳುವ ಮೊದಲೇ ಧರೆಪ್ಪ ತನ್ನ ಒಣಕಲು ಗದ್ದ ಮುಂದೆ ಚಾಚಿದ್ದ.

“ದೇವರ ಕೆಲಸ. ಯಾರರೆ ಮಾಡಬೇಕಲ್ರಿ,” ಎಂದ.

ದಾರ ಒಂದೇ ಸುತ್ತಿಗೆ ಕೂತಿತು. ಫ್ಲೆಕ್ಸ್ ಬದಲಿಸಲು ಇನ್ನು ಹೊತ್ತಿಲ್ಲ, ಅದರಲ್ಲಾದರೂ ಕಾಕಾಸಾಹೇಬರೇ ಇರಲಿ ಎಂದು ಹಿರಿಯರು ಸಮಾಧಾನ ಹೇಳಿದರು. ಜಿನಮತಿ ಇಂದ್ರಾಣಿಯ ಸೀರೆಯನ್ನು ಮಡಚಿಟ್ಟಳು. ಅಪ್ಪ ಕೂತಿದ್ದ ಜಾಗವನ್ನು ನೋಡಿ ಕಾಕಾಸಾಹೇಬರಿಗೆ ನಿಜವಾಗಿಯೂ ಅಳು ಬಂತು.

ಅಷ್ಟರಲ್ಲಿ ಫ್ಲೆಕ್ಸ್ ಅಂಗಡಿಯ ಸುಹಾಸ ಒಂದು ಸುರುಳಿ ಹೊತ್ತು ಓಡಿಬಂದ.

“ತಪ್ಪಾತ್ರಿ ಕಾಕಾ. ಜಾಗಾ ತುಂಬಲಿ ಅಂತ ನಿಮ್ಮ ಫೋಟೋ ಅಡ್ಡಕ್ಕ ಜಗ್ಗಿದ್ನಿ. ಮುಂಜಾನೆ ಜಿನಮತಿ ಕಾಕು ಫೋನ್ ಮಾಡಿ ಬೈದ್ರು. ಈಗ ಹೊಸಾದು ಮಾಡ್ಕೊಂಡ ಬಂದೇನಿ.”

ಸುರುಳಿ ಬಿಚ್ಚಿದ. ಗೋಡೆಯ ಗಡಿಯಾರ ದುಂಡಗಿತ್ತು. ಅದರ ಮುಂದೆ ಒಂದೇ ಒಂದು ಗದ್ದದ ಕಾಕಾಸಾಹೇಬರು ನಗುತ್ತಿದ್ದರು.

ಸುಹಾಸನ ಕಣ್ಣು ಆಗ ಟವೆಲ್ ಜಾರಿದ ಮುಖದ ಮೇಲೆ ಬಿತ್ತು. ಮುಖ ನೋಡಿದ, ಹೊಸ ಫ್ಲೆಕ್ಸ್ ನೋಡಿದ, ಹೊರಗೆ ಕಟ್ಟಿದ್ದ ಹಳೆಯದನ್ನೂ ನೋಡಿ ಬಂದ. ಆಮೇಲೆ ಹೊಸದನ್ನು ಮೆಲ್ಲಗೆ ಮತ್ತೆ ಸುತ್ತತೊಡಗಿದ.

“ಹಳೇದ ಇರ್ಲಿ ಬಿಡ್ರಿ ಕಾಕಾ. ಇದು ನಿಮಗ ಹೋಲಂಗಿಲ್ಲ.”