ನಮ್ಮ ಮನೆಯ ಕೊಂಡವಾಡ

ಯಾವ ವಿಷಯವನ್ನೂ ತಟ್ಟನೆ ತೀರ್ಮಾನಿಸುವ ಜಾಯಮಾನ ನನ್ನದಲ್ಲ. ಕೋರ್ಟಿನಲ್ಲಿ ಕಾರಕೂನನಾಗಿ ತಲೆ ಬೆಳ್ಳಗಾದವನು ನಾನು. ಸಾಹೇಬರು ತೀರ್ಪು ಕೊಡುತ್ತಿದ್ದರು, ನಾನು ಮುಂದಿನ ತಾರೀಖು ಕೊಡುತ್ತಿದ್ದೆ. ನಿವೃತ್ತಿಯಾದರೂ ಆ ಚಟ ಹೋಗಿಲ್ಲ. ಮನೆಗೆ ಯಾವ ಬಣ್ಣ ಹಚ್ಚಿಸುವುದು ಎಂಬ ಪ್ರಶ್ನೆಗೆ ತಾರೀಖಿನ ಮೇಲೆ ತಾರೀಖು ಕೊಡುತ್ತ ಬಂದೆ. ಕಡೆಗೆ ಗೋಡೆಗಳೇ ಬೇಸತ್ತು ತಮಗೆ ತೋಚಿದ ಬಣ್ಣಕ್ಕೆ ತಿರುಗಿಕೊಂಡವು. ದೇವರ ಪೂಜೆ ನಿಜವಾಗಿ ನನ್ನ ಪಾಲಿನ ಕೆಲಸ. ಅದನ್ನೂ 'ನಾಳೆಯಿಂದ' ಎನ್ನುತ್ತ ಹೋದದ್ದರಿಂದ ನನ್ನ ಹೆಂಡತಿ ಇಂದಿರಾ ಒಂದು ದಿನ ಗಂಟೆಯನ್ನು ತಾನೇ ಕೈಗೆತ್ತಿಕೊಂಡಳು. ಆದರೆ ಈ ಸಲ ತಾರೀಖು ಕೊಡಲು ಆಗಲಿಲ್ಲ. ಈ ಸಲದ ಪಕ್ಷಗಾರ್ತಿ ಅಂಬೆಗಾಲಿಡಲು ಕಲಿತಿದ್ದಳು.

ಅಂಬೆಗಾಲೆಂದರೆ ನಿಧಾನ ಎಂದು ತಿಳಿದವರು ಬೈಲಹೊಂಗಲಕ್ಕೆ ಬಂದು ನನ್ನ ಮೊಮ್ಮಗಳು ಪುಟ್ಟಿಯನ್ನು ನೋಡಬೇಕು. ನಾನು ಕುರ್ಚಿಯ ಕೈ ಹಿಡಿದು, 'ನಾರಾಯಣಾ' ಎಂದು ಮೊಣಕಾಲನ್ನು ಒಪ್ಪಿಸಿ ಎದ್ದು ನಿಲ್ಲುವಷ್ಟರಲ್ಲಿ ಆಕೆ ನನ್ನ ಚಪ್ಪಲಿಯ ರುಚಿ ನೋಡಿ, ಮೂಲೆಯಲ್ಲಿ ಬಿದ್ದ ಶೇಂಗಾ ಸಿಪ್ಪೆಯ ಕಡೆ ಹೊರಟಿರುತ್ತಾಳೆ. ಅವಳ ಮುಖ್ಯ ಗುರಿ ಮಾತ್ರ ಅಜ್ಜಿ. ಇಂದಿರಾ ಮಡಿಯುಟ್ಟು ಅಡಿಗೆ, ಪೂಜೆ ಮುಗಿಸುವ ತನಕ ಅವಳನ್ನು ಯಾರೂ ಮುಟ್ಟುವಂತಿಲ್ಲ. ಅಡಿಗೆ ಮನೆಗಾದರೂ ಕದವಿದೆ. ನಮ್ಮ ದೇವರು ಕೂತಿರುವುದು ಪಡಸಾಲೆಯ ಮೂಲೆಯಲ್ಲಿ. ನಮ್ಮ ಕಾಲದ ಕೂಸುಗಳಿಗೆ ಈ ತೊಂದರೆ ಇರಲಿಲ್ಲ. ಬತ್ತಲೆ ಕೂಸಿಗೆ ಮೈಲಿಗೆಯಿಲ್ಲ ಎಂದು ಹಿರಿಯರು ಯಾವಾಗಲೋ ರಿಯಾಯಿತಿ ಕೊಟ್ಟಿದ್ದರು. ಆದರೆ ಡೈಪರಿನ ವಿಷಯದಲ್ಲಿ ಹಿರಿಯರು ಏನೂ ಹೇಳಿ ಹೋಗಿಲ್ಲ. ಅದನ್ನು ಬಿಚ್ಚಿ ಬಿಟ್ಟು ನೋಡಿದೆವು. ಆ ದಿನ ಪೂಜೆಯ ಜೊತೆಗೆ ಅಭಿಷೇಕವೂ ಆಯಿತು. ಅದರ ವಿವರ ಬೇಡ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ಮಗ ಬೆಳಗ್ಗೆ ಎದ್ದು ಯರಗಟ್ಟಿಯ ಬಸ್ಸು ಹಿಡಿಯುವವನು. ಸೊಸೆ ವಿದ್ಯಾ ಇಲ್ಲಿಯೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳ ರಜೆ ಮುಗಿದು ಸೋಮವಾರ ಹಾಜರಾಗಬೇಕಿತ್ತು. ಬೆಳಗಿನ ಹೊತ್ತು ಕೂಸನ್ನು ನೋಡಿಕೊಳ್ಳುವವರು ಯಾರು? ಸವದತ್ತಿಯಿಂದ ಅವಳ ತಾಯಿ, ಅಂದರೆ ನಮ್ಮ ಬೀಗತಿ, ಫೋನು ಮಾಡಿದರು. "ಕೂಸನ್ನ ನಮ್ಮ ಕಡೆ ಬಿಡ್ರಿ ಬೀಗರ. ಸಾಲಿಗೆ ಹಚ್ಚೂ ತನಕಾ ನಾವ ನೋಡ್ಕೋತೀವಿ. ನೀವು ಆಗಾಗ ಬಂದು ಆಡಿಸಿ ಹೋಗ್ರಿ." ಪ್ರೀತಿಯ ಮಾತೇ. ಆದರೆ ನನ್ನ ಮೊಮ್ಮಗಳನ್ನು ನಾನು ನೆಂಟನ ಹಾಗೆ ಹೋಗಿ ನೋಡಿ ಬರುವುದೇ? ಆ ಹೊತ್ತಿನ ಊಟದಲ್ಲಿ ಉಪ್ಪು ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಆಗ ವಿದ್ಯಾ ಫೋನಿನಲ್ಲಿ ಪ್ಲೇಪೆನ್ನಿನ ಚಿತ್ರ ತೋರಿಸಿದಳು. ನಾಲ್ಕು ಕಡೆ ಬಲೆ, ತಳಕ್ಕೆ ಮೆತ್ತೆ, ಒಳಗೆ ನಗುವ ಕೂಸು. ಇಂದಿರಾ ಕನ್ನಡಕ ಏರಿಸಿ ನೋಡಿದಳು.

"ಇದೇನವಾ, ಕೊಂಡವಾಡ ಇದ್ಧಂಗ ಅದ! ಮಂದಿ ಹೊಲಾ ಮೇದ ದನಾ ಹಿಡದು ಕೂಡತಿದ್ರಲ್ಲ, ಹಂಗ. ನನ್ನ ಮೊಮ್ಮಗಳು ಯಾರ ಹೊಲಾ ಮೇದಾಳ?"

"ಅತ್ಯಾ, ಹಗರ ಅದರಿ. ಮಡಚಿ ಎಲ್ಲಿ ಬೇಕಾದಲ್ಲಿ ಒಯ್ಯಬಹುದು."

"ಎಲ್ಲಿಗೆ ಒಯ್ಯೂದು? ಸವದತ್ತಿಗೇನು?"

ವಿದ್ಯಾ ಫೋನು ಕೆಳಗಿಟ್ಟಳು. ಇಬ್ಬರೂ ನನ್ನ ಮುಖ ನೋಡಿದರು. ನಾನು ಅಭ್ಯಾಸಬಲದಿಂದ, "ಕೊಳ್ಳೂದರಕಿಂತ ಮೊದಲು ಒಂದು ತಂದು ನೋಡೋಣು" ಎಂದೆ.

ಕಾಲೇಜಿನ ಗೆಳತಿಯೊಬ್ಬಳ ಮನೆಯಿಂದ ವಿದ್ಯಾ ಅದನ್ನು ಎರವಲು ತಂದಳು. ಭಾನುವಾರ ಬೆಳಿಗ್ಗೆ ಪರೀಕ್ಷೆ. ಅದೇ ಬೆಳಿಗ್ಗೆ ಬೀಗತಿಯವರೂ ಬರುವವರಿದ್ದರು, ಕೂಸನ್ನು ಕರೆದೊಯ್ಯುವ ತಯಾರಿಯಲ್ಲಿ. ಮಡಚುವುದು ಸುಲಭ ಎಂದಿದ್ದರು. ಬಿಚ್ಚುವ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಒಂದು ಬದಿ ನೆಟ್ಟಗಾದರೆ ಎದುರಿನ ಬದಿ ಬಾಗಿ ಸಲಾಮು ಹೊಡೆಯುತ್ತಿತ್ತು. ಹಾಲು ಹಾಕಲು ಬಂದ ನೀಲವ್ವ ಚರಿಗೆ ಕೆಳಗಿಟ್ಟು ನಿಂತೇ ಬಿಟ್ಟಳು.

"ಕುರಿ ದಡ್ಡಿ ಹಾಕಾಕ ಹತ್ತೀರೇನ್ರಿ ರಾಯರ? ನಾವು ಹೊಲದಾಗ ಬೇವಿನ ಗಿಡಕ್ಕ ಸೀರಿ ಜೋಳಿಗಿ ಕಟ್ಟತೇವ್ರಿ. ಕೂಸೂ ಮಲಗತೈತಿ, ಕೆಲಸಾನೂ ಆಗತೈತಿ."

ಪಡಸಾಲೆಯಲ್ಲಿ ಬೇವಿನ ಗಿಡ ಇಲ್ಲವೆಂದು ಹೇಳಿ ಅವಳನ್ನು ಕಳಿಸಿದೆ.

ಅಂತೂ ಅದು ನಿಂತಿತು. ಪುಟ್ಟಿಯನ್ನು ಒಳಗಿಟ್ಟೆವು. ಆಕೆ ನಾಲ್ಕೂ ದಿಕ್ಕು ನೋಡಿದಳು. ಕೆಳತುಟಿ ಮುಂದೆ ಬಂತು. ಆಮೇಲೆ ಹೊರಟ ದನಿ ಬಸ್ ಸ್ಟ್ಯಾಂಡಿಗೆ ಮುಟ್ಟಿರಬೇಕು. ಗಿಲಕಿ ಕೊಟ್ಟೆ, ಗೊಂಬೆ ಕೊಟ್ಟೆ, ಲಟ್ಟಣಿಗೆ ಕೊಟ್ಟೆ. ಎಲ್ಲವೂ ಒಂದೊಂದಾಗಿ ಹೊರಗೆ ಬಂದವು. ಪಾಪ, ಕೂಸಿಗೆ ಒಂಟಿತನ ಎನಿಸಿ, ನಾನೇ ಪಾಯಜಾಮ ಎತ್ತಿ ಹಿಡಿದು ಒಳಗಿಳಿದೆ. ಕಟಕಟೆ ಹತ್ತಿದವರನ್ನು ಬೇಕಾದಷ್ಟು ನೋಡಿದ್ದೆ. ನಾನೇ ಹತ್ತಿದ್ದು ಅದೇ ಮೊದಲು. ಪುಟ್ಟಿ ಕೇಕೆ ಹಾಕಿ ನಕ್ಕು ನನ್ನ ಕನ್ನಡಕ ಕಿತ್ತುಕೊಂಡಳು. ಅಷ್ಟರಲ್ಲಿ ಗಂಜಿ ಆರಿತೆಂದು ವಿದ್ಯಾ ಅವಳನ್ನು ಎತ್ತಿಕೊಂಡು ಹೋದಳು. ಮಗ ಪೇಟೆಗೆ ಹೋಗಿದ್ದ, ನನ್ನನ್ನು ಎತ್ತುವವರು ಯಾರೂ ಇರಲಿಲ್ಲ. ಮೊಣಕಾಲು ಮುಷ್ಕರ ಹೂಡಿತ್ತು. ಹೊರಬರುವ ವಿಚಾರಕ್ಕೆ ಒಂದು ತಾರೀಖು ಹಾಕಿಕೊಂಡು ಕೂತೆ.

ಬಾಗಿಲಲ್ಲಿ ಬೀಗತಿ ನಿಂತಿದ್ದರು.

"ಅಯ್ಯ ಬೀಗರ! ಕೂಸು ಹೊರಗ, ನೀವು ಒಳಗ?"

ಬಳಿಗೆ ಬಂದು, ಬಾಗಿ, ಬಲೆಯ ಬದಿಗಿದ್ದ ಜಿಪ್ಪನ್ನು ಸರ್ರನೆ ಎಳೆದರು. "ಬಾಗಲಾ ಇಲ್ಲೇ ಅದಲ್ರೀ." ನಾನು ಹೊರಬಂದೆ, ಅಂಬೆಗಾಲಲ್ಲಿ.

ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಕಣ್ಣೊರೆಸಿಕೊಂಡರು, ಆಮೇಲೆ ಮಗಳಿಗೆ ಮೆಲ್ಲಗೆ ಹೇಳಿದರು: "ಕೂಸಿನ ಅರಿವಿ-ಕುಲಾವಿ ಚೀಲಕ್ಕ ತುಂಬವಾ. ಇವರ ಕಡೆ ಆಗೂ ಕೆಲಸ ಅಲ್ಲ ಇದು." ವಿದ್ಯಾ ಕೂಸನ್ನು ಕೆಳಗಿಳಿಸಿ, ಯಾರ ಮುಖವನ್ನೂ ನೋಡದೆ ಕೋಣೆಗೆ ಹೋದಳು. ಎಲ್ಲ ವಕೀಲರ ವಾದ ಕೇಳಿದ್ದ ನಾನು ನೆಲದ ಮೇಲಿನ ಗಿಲಕಿ, ಲಟ್ಟಣಿಗೆ ಆರಿಸತೊಡಗಿದೆ.

ಆಗಲೇ ದೇವರ ಮೂಲೆಯಿಂದ ಕೂಗು: "ಮುಟ್ಟಿದ್ಲು! ಮುಟ್ಟಿದ್ಲು!" ಇಂದಿರಾ ಮತ್ತೆ ಸ್ನಾನ ಮಾಡಿ, ಮತ್ತೆ ಮಡಿಯುಟ್ಟು ಬಂದಳು. ಕೋಣೆಯಲ್ಲಿ ಬೀಗತಿ ಕುಲಾವಿ ಮಡಚುತ್ತಿರುವುದನ್ನು ಕಂಡಳು. ಬಲೆಯ ಹತ್ತಿರ ಬಂದು ಬಗ್ಗಿ ಪರೀಕ್ಷಿಸಿದಳು.

"ಇದು ಹತ್ತೀದಲ್ಲ, ನೈಲಾನು. ನೈಲಾನಿಗೆ ಮೈಲಿಗಿ ಇಲ್ಲ."

"ಹಂಗಂತ ಯಾರು ಹೇಳ್ಯಾರ?" ಎಂದೆ.

"ನಾ ಹೇಳೇನಿ. ಕೂಸನ್ನ ಯಾಕ ಒಳಗ ಹಾಕ್ತೀರಿ? ಅಕಿ ಮುಟ್ಟಬಾರದ್ದು ಯಾರನ್ನ? ನನ್ನ. ಮತ್ತ ನಾನ ಒಳಗ ಕೂಡ್ತೀನಿ. ಸರೀರಿ."

ಮೆತ್ತೆ ತೆಗೆಸಿ, ದೇವರ ಪೆಟ್ಟಿಗೆ ಇಟ್ಟುಕೊಂಡು, ನಡುವೆ ದೀಪ ಹಚ್ಚಿ ಒಳಗೆ ಕೂತಳು. ಗಂಟೆ ಬಾರಿಸಿದಳು. ಪುಟ್ಟಿ ಎಲ್ಲಿದ್ದಳೋ, ದಡದಡ ಬಂದಳು. ಬಲೆಗೆ ಬೆರಳು ಸಿಕ್ಕಿಸಿದಳು, ಎಳೆದುಕೊಂಡಳು, ಎದ್ದು ನಿಂತಳು! ಅಲ್ಲಿಯ ತನಕ ಆಕೆ ನಿಂತಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಮಂಗಳಾರತಿ ಮುಗಿಯುವವರೆಗೆ ಮೊಣಕಾಲು ಕುಣಿಸುತ್ತ ಅಲ್ಲಿಂದ ಕದಲಲಿಲ್ಲ. ಬೀಗತಿ ಕುಲಾವಿ ಕೈಯಲ್ಲಿ ಹಿಡಿದೇ ಹೊರಗೆ ಬಂದು ನೋಡಿದರು.

"ಗರ್ಭಗುಡಿನ ಆಗ್ಯದಲ್ರೀ ಇದು," ಎಂದು, ಕುಲಾವಿಯನ್ನು ಮೊಮ್ಮಗಳ ತಲೆಗೆ ಹಾಕಿದರು. "ಇರ್ಲಿ, ಇಲ್ಲೇ ಇರ್ಲಿ. ಇಂಥಾ ದೇವಿನ್ನ ನಾ ಸವದತ್ಯಾಗ ಎಲ್ಲಿಂದ ತರ್ಲಿ?" ಹೋಳಿಗೆ ಉಂಡು ಸಂಜೆಯ ಬಸ್ಸಿಗೆ ಅವರೊಬ್ಬರೇ ಹೊರಟರು. ಸೋಮವಾರ ವಿದ್ಯಾ ಕಾಲೇಜಿಗೆ ಹೋದಳು.

ಎರವಲಿನದನ್ನು ತಿರುಗಿ ಕೊಟ್ಟು ನಮ್ಮದೇ ಒಂದು ತರಿಸಿದ್ದೇವೆ. ಪ್ಲೇಪೆನ್ ಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ, ಬೇಕೇ ಬೇಕು ಎಂದು ತಡವಿಲ್ಲದೆ ಹೇಳುತ್ತೇನೆ. ಕೂಸು ಒಳಗಿರುವುದಿಲ್ಲ ಎಂಬುದು ಬೇರೆ ಮಾತು. ಒಂದೇ ತೊಂದರೆ. ಇಂದಿರಾಗೆ ಒಳಗಿನ ಸುಖ ಹತ್ತಿಬಿಟ್ಟಿದೆ. ಪೂಜೆ ಮುಗಿದರೂ ಜಿಪ್ಪು ಎಳೆದುಕೊಂಡು, ಹೂಬತ್ತಿ ಹೊಸೆಯುತ್ತ, ನನ್ನ ಪೇಪರನ್ನೂ ಒಳಗಿಟ್ಟುಕೊಂಡು ಕೂತಿರುತ್ತಾಳೆ. ಎರಡನೆಯ ಚಹಾ ಎಂದರೆ, "ಮಡೀಲೆ ಇದ್ದೀನಿ, ಕಾಣವಲ್ದೇನು?" ಎನ್ನುತ್ತಾಳೆ. ಮೊನ್ನೆ ಪುಟ್ಟಿ ಒಂದು ಕಡೆ, ನಾನೊಂದು ಕಡೆ ಬಲೆ ಹಿಡಿದು ನಿಂತಿದ್ದೆವು. ಇಬ್ಬರನ್ನೂ ಸಮನಾಗಿ ನೋಡಿದ ಆಕೆ ಪ್ರಸಾದದ ಬಾಳೆಹಣ್ಣು ಮುರಿದಳು. ನಾವಿಬ್ಬರೂ ಬಾಯಿ ತೆರೆದೆವು. ಮೊದಲ ತುಂಡು ನನಗೆ ಬರಲಿಲ್ಲ.