ನಮ್ಮತ್ತಿಗೆಯ ಲಾರಿ ಶೆಡ್ಡು

ನಮ್ಮ ಅತ್ತಿಗೆಗೆ ಸಂಗೀತದ ಗಂಧವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಂಧ ಇದೆ. ಆದರೆ ಅದು ಡೀಸೆಲ್ಲು, ಗ್ರೀಸು ಮತ್ತು ಎಮ್ಮೆಯ ಗಂಧ! ರೇಡಿಯೋದಲ್ಲಿ ಯಾರಾದರೂ ಇಂಪಾಗಿ ಹಾಡಿದರೆ ಆಕೆಗೆ ಆಕಳಿಕೆ ಬರುತ್ತದೆ. ಅದೇ ನಾಲ್ಕು ಹುಡುಗರು ತಗಡಿನ ಶೆಡ್ಡಿನೊಳಗೆ ಸೇರಿ, ಗಿಟಾರು ಕೆರೆದು, ಗಂಟಲು ಹರಿಯುವಂತೆ ಅರಚಿದರೆ ಮುಖ ಅರಳುತ್ತದೆ. ಗ್ಯಾರೇಜ್ ರಾಕ್ ಎಂಬ ಸಂಗೀತಕ್ಕೆ ಇಡೀ ಟಿ. ನರಸೀಪುರದಲ್ಲಿ ಇದ್ದ ಒಬ್ಬಳೇ ಅಭಿಮಾನಿ ಆಕೆ, ವಿಮರ್ಶಕಿ ಆಕೆ, ಪೋಷಕಿಯೂ ಆಕೆಯೇ. ಆ ವಿಷಯದಲ್ಲಿ ಆಕೆಯ ಎದುರು ಬಾಯಿ ತೆರೆಯಲು ನನಗೆ ಇಂದಿಗೂ ಧೈರ್ಯವಿಲ್ಲ. ಅದಕ್ಕೆ ಬೇರೊಂದು ಕಾರಣವೂ ಇದೆ. ಅದನ್ನು ಹೇಳಿಕೊಂಡು ಹಗುರಾಗೋಣ ಎಂದೇ ಈ ವಯಸ್ಸಿನಲ್ಲಿ ಪೆನ್ನು ಹಿಡಿದಿದ್ದೇನೆ.

ತೊಂಬತ್ತರ ದಶಕ ಶುರುವಾದಾಗ ನಮ್ಮಣ್ಣ ತನ್ನ ಲಾರಿಯನ್ನು ಮಾರಿದ. ಲಾರಿ ಹೋಯಿತು, ಶೆಡ್ಡು ಉಳಿಯಿತು. ಅಣ್ಣನಿಗೆ ಮಕ್ಕಳಿರಲಿಲ್ಲ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಟೈಮ್ ಕೀಪರ್ ಆಗಿದ್ದ ನನಗೆ ಇದ್ದದ್ದು ಒಂದೇ ಕೋಣೆಯ ಬಾಡಿಗೆ ಮನೆ. ಹೀಗಾಗಿ ನನ್ನ ಮಗನನ್ನು ಓದಲೆಂದು ಅಣ್ಣನ ಮನೆಯಲ್ಲಿ ಬಿಟ್ಟಿದ್ದೆ. ಓದಲೆಂದು! ಅವನು ಪಿಯುಸಿ ಸೇರಿದ ವರ್ಷವೇ ಮೂರು ಜನ ಗೆಳೆಯರನ್ನು ಕರೆತಂದು, "ದೊಡ್ಡವ್ವಾ, ಶೆಡ್ಡು ಖಾಲಿ ಐತಲ್ಲ, ನಾವು ಬ್ಯಾಂಡ್ ಮಾಡ್ತೀವಿ" ಎಂದನಂತೆ.

ಆ ಮೂವರಲ್ಲಿ ಒಬ್ಬನ ಮಾವ ಮೈಸೂರಿನಲ್ಲಿ ಆಟೋ ಓಡಿಸುತ್ತಿದ್ದ. ಯೋಗ ಕಲಿಯಲು ಬಂದ ವಿದೇಶದವರು ಊರಿಗೆ ಹೋಗುವಾಗ ಅವನಿಗೆ ಒಂದು ಚೀಲ ಕ್ಯಾಸೆಟ್ಟು ಬಿಟ್ಟುಹೋಗಿದ್ದರು. ಆ ಚೀಲವೇ ಈ ಹುಡುಗರ ಪಾಠಶಾಲೆ.

"ಅಮೆರಿಕದಲ್ಲಿ ಹುಡುಗ್ರು ಹಿಂಗೇ ದೊಡ್ಡವ್ವಾ, ಕಾರು ನಿಲ್ಲಿಸೋ ಶೆಡ್ಡಲ್ಲಿ ಬಾರಿಸ್ತಾ ಬಾರಿಸ್ತಾ ದೊಡ್ಡ ಬ್ಯಾಂಡ್ ಆಗ್ಬಿಟ್ರಂತೆ" ಎಂದ ನನ್ನ ಮಗ.

ಅತ್ತಿಗೆ ಕೇಳಿದಳು: "ಅಯ್ಯೋ ಪಾಪ, ಅಲ್ಲೂ ಗಾಡಿ ಮಾರ್ಕೊಂಡವ್ರು ಅಷ್ಟೊಂದು ಜನ ಅವ್ರಾ?"

ಅಲ್ಲಿಂದ ಶುರು. ಮೈಸೂರಿನಲ್ಲಿ ಮುಚ್ಚಿಹೋದ ಒಂದು ಆರ್ಕೆಸ್ಟ್ರಾದ ಡ್ರಮ್ ಸೆಟ್ಟನ್ನು ಅತ್ತಿಗೆಯೇ ಹೋಗಿ ಕೊಂಡಳು. ಸಣ್ಣಪುಟ್ಟ ಸಾಮಾನು ಬಸ್ಸಿನ ಟಾಪಿಗೆ ಹೋಯಿತು. ದೊಡ್ಡ ಡ್ರಮ್ಮನ್ನು ಮಾತ್ರ ಯಾರ ಕೈಗೂ ಕೊಡದೆ ತೊಡೆಯ ಮೇಲೆ ಕೂರಿಸಿಕೊಂಡಳು. ಕಂಡಕ್ಟರ್ ಬಂದು, "ಇದಕ್ಕೂ ಒಂದು ಫುಲ್ ಟಿಕೆಟ್ ಆಗ್ತದೆ ಕಣಮ್ಮ" ಎಂದನಂತೆ. "ಇನ್ನೂ ಬಾಯಿ ಬಂದಿಲ್ಲ ಕಣಪ್ಪ ಇದಕ್ಕೆ, ಆಫ್ ಕೊಡು" ಎಂದಳಂತೆ ಅತ್ತಿಗೆ. ಬಾಯಿ ಬಂದದ್ದು ಮಾರನೆಯ ದಿನ, ನನ್ನ ಮಗ ಕೋಲು ಹಿಡಿದು ಅದರ ಹಿಂದೆ ಕೂತಾಗ. ಆ ಬಾಯಿ ಹೊಳೆಯಾಚೆಗೂ ಕೇಳುತ್ತಿತ್ತು ಎಂದು ಊರವರು ಹೇಳುತ್ತಿದ್ದರು.

ಅಣ್ಣನಿಗೆ ತೊಂದರೆಯಾಗಲಿಲ್ಲವೇ ಎಂದು ಕೇಳುತ್ತೀರಾ? ಲಾರಿ ಓಡಿಸಿ ಓಡಿಸಿ ಅವನ ಒಂದು ಕಿವಿ ಎಂದೋ ಹೋಗಿತ್ತು. ಹುಡುಗರು ಶುರುಮಾಡಿದರೆ ಒಳ್ಳೆಯ ಕಿವಿಯನ್ನು ದಿಂಬಿಗೆ ಒತ್ತಿ, ಕೆಟ್ಟ ಕಿವಿಯನ್ನು ಶೆಡ್ಡಿನ ಕಡೆಗೆ ತಿರುಗಿಸಿ ಮಲಗಿಬಿಡುತ್ತಿದ್ದ. ಇಷ್ಟು ಅನುಕೂಲದ ಗಂಡ ಎಷ್ಟು ಜನ ಕಲಾಪೋಷಕಿಯರಿಗೆ ಸಿಕ್ಕಾನು! ಶೆಡ್ಡಿನ ಹಿಂದೆ ಕಟ್ಟಿದ್ದ ಎಮ್ಮೆ ಡ್ರಮ್ ಕೇಳಿದೊಡನೆ ಮೇವು ತಿನ್ನುವುದನ್ನು ನಿಲ್ಲಿಸುತ್ತಿತ್ತು. ಅದಕ್ಕೆ ಗಾಬರಿ ಎಂದು ನಾನು. ಅದು ಆಲಿಸುತ್ತಿದೆ ಎಂದು ಅತ್ತಿಗೆ.

ಪಕ್ಕದ ಮನೆಯ ಮೇಷ್ಟ್ರು ಮಾತ್ರ ಸಹಿಸಲಿಲ್ಲ. ಒಂದು ಸಂಜೆ ಶಲ್ಯ ಹೊದ್ದು ದೂರಲು ಬಂದರು.

"ನೋಡಮ್ಮ, ಮನುಷ್ಯರು ಇರೋ ಬೀದಿ ಇದು. ಈ ಕಿರುಚಾಟಕ್ಕೆ ಒಂದು ಮಿತಿ ಬೇಡವೇ?"

"ಕುಂತ್ಕೊಳಿ ಮೇಷ್ಟ್ರೇ, ಕಾಫಿ ಕುಡೀರಿ. ಒಂದ್ ಮಾತು ಕೇಳ್ತೀನಿ. ನೀವು ನಿಮ್ ಜಗಲಿ ಮ್ಯಾಲೆ ಮನೆಪಾಠ ಅಂತ ಐಕಳನ್ನ ಕೂಡಾಕ್ಕೊಂಡು ಅಷ್ಟ್ ವರ್ಸ ಮಗ್ಗಿ ಕಿರುಚ್ಸಿದ್ರಲ್ಲ, ನಾವು ಯಾವತ್ತಾದ್ರೂ ಬಂದು ಕೇಳುದ್ವಾ?"

"ಅದು ವಿದ್ಯೆ ಕಣಮ್ಮ!"

"ಮಗ್ಗಿಗೆ ತಾಳ ಇರ್ತಿತ್ತಾ ಯೋಳಿ. ಇದಕ್ಕೆ ಅದೆ."

ಮೇಷ್ಟ್ರು ಕಾಫಿ ಕುಡಿದು ಎದ್ದುಹೋದರು. ಆಮೇಲೆ, ಕೆಟ್ಟ ಕಿವಿಯೊಂದು ತಮಗೂ ಇರಬಾರದಿತ್ತೇ ಎಂದು ಅಣ್ಣನ ಹತ್ತಿರ ಹೇಳಿಕೊಂಡರಂತೆ.

ಕೇಳುತ್ತಾ ಕೇಳುತ್ತಾ ಅತ್ತಿಗೆಗೆ ಅಭಿಪ್ರಾಯಗಳು ಹುಟ್ಟತೊಡಗಿದವು. ಚೀಲದ ಕ್ಯಾಸೆಟ್ಟುಗಳಲ್ಲಿ ಹಳೆಯ ಕಾಲದ ಬ್ಯಾಂಡುಗಳೂ ಇದ್ದವು, ಆಗಿನ ಹೊಸ ಬ್ಯಾಂಡುಗಳೂ ಇದ್ದವು. ಹೆಸರು ಓದಲು ಬಾರದ್ದರಿಂದ ಹೊದಿಕೆಯ ಚಿತ್ರ ನೋಡಿ ಆಕೆಯೇ ನಾಮಕರಣ ಮಾಡಿದ್ದಳು. 'ಕ್ರಾಪಿಲ್ಲದವರು', 'ಕೆಂಪು ಕೋಟಿನವರು', 'ಉಪವಾಸದವರು', ಹೀಗೆ. ಈ ಉಪವಾಸದವರು ಎಂದರೆ ಪ್ರಾಣ. "ಅವ್ರು ಒಟ್ಟೆ ಅಸ್ಕೊಂಡು ಕಿರುಚ್ತಾರೆ ಕಣಪ್ಪ. ಕೆಂಪ್ ಕೋಟಿನವ್ರು ಉಂಡು, ಎಲೆ ಅಡಕೆ ಆಕ್ಕೊಂಡು ಕಿರುಚ್ತಾರೆ. ಗೊತ್ತಾಗಕ್ಕಿಲ್ವಾ?" ನನಗೆ ಎರಡೂ ಒಂದೇ ಥರ ಕಿರುಚಿದಂತೆ ಕೇಳುತ್ತಿತ್ತು. ಸ್ಟುಡಿಯೋದಲ್ಲಿ ನುಣ್ಣಗೆ ತಿದ್ದಿದ ಹಾಡಿಗೆ ಆಕೆ ಕೊಡುತ್ತಿದ್ದ ಬೈಗುಳ 'ಪಾಲಿಶ್ ಅಕ್ಕಿ'. "ನೋಡಕ್ಕೆ ಬೆಳ್ಳಗೆ ಅದೆ. ಗಂಟ್ಲಲ್ಲಿ ಇಳಿದದ್ದೇ ಗೊತ್ತಾಗಕ್ಕಿಲ್ಲ!" ನಮ್ಮ ಗಿಟಾರಿನ ಹುಡುಗ ತಂತಿ ಬಿಗಿಯುತ್ತಾ ಹೆಚ್ಚು ಹೊತ್ತು ಕೂತರೆ, "ಸಾಕು ಬುಡ್ಲಾ, ಬಾಳ ಸರಿ ಮಾಡಬ್ಯಾಡ, ಇರೋ ಸರಿನೂ ಓಗ್ಬುಡ್ತದೆ!" ಎಂದು ಗದರುತ್ತಿದ್ದಳು.

ಒಮ್ಮೆ ಗಣಪತಿ ಪೆಂಡಾಲಿನಲ್ಲಿ ಹುಡುಗರಿಗೆ ಅವಕಾಶ ಸಿಕ್ಕಿತು. ಮೊದಲನೆಯ ಹಾಡು ಅರ್ಧವಾಗುವಷ್ಟರಲ್ಲಿ ಹಿಂದಿನ ಸಾಲಿನವರು ಎದ್ದರು. ಮುಗಿಯುವಷ್ಟರಲ್ಲಿ ಮುಂದಿನ ಸಾಲೂ ಖಾಲಿ. ಗಣಪತಿ ಮಣ್ಣಿನವನಾದ್ದರಿಂದ ಉಳಿದ! ಆವತ್ತು ನಾನು ಎರಡನೇ ಶಿಫ್ಟಿನಲ್ಲಿದ್ದೆ. ಮುಂದಿನ ವಾರ ಹೋದಾಗ, "ಜನ ಎದ್ದು ಓಡಿಹೋದರಂತಲ್ಲ ಅತ್ತಿಗೆ?" ಎಂದು ಚುಚ್ಚಿದೆ.

"ಊ ಮತ್ತೆ! ಕುಂತವ್ರನ್ನ ಎಬ್ಬಿಸ್ಬೇಕಾದ್ರೆ ಸುಮ್ಕೆ ಆಯ್ತದಾ? ಮುಕ್ಕಾಲು ಪಾಲು ನಿನ್ ಮಗನ ಡ್ರಮ್ಮೇ ಎಬ್ಬಿಸಿದ್ದು" ಎಂದು ಹೆಮ್ಮೆಪಟ್ಟಳು.

ನನಗೆ ಮಾತ್ರ ಹೆಮ್ಮೆಯಾಗಲಿಲ್ಲ. ಆ ವರ್ಷ ಮಗ ಎರಡನೇ ಪಿಯುಸಿಯಲ್ಲಿ ಫೇಲಾದ. "ನಿಮ್ಮ ಹುಡುಗ ಬೆಂಚು ಬಡಿಯೋದು ಬಿಟ್ಟು ಬೇರೇನೂ ಕಲಿತಿಲ್ಲ" ಎಂದು ಕಾಲೇಜಿನವರು ಕರೆಸಿ ಹೇಳಿದರು. ನನಗೆ ನಿದ್ದೆ ಬರಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಕೆಲಸ ಕೇಳಿಕೊಂಡು ನಿಲ್ಲುತ್ತಿದ್ದ ಹುಡುಗರ ಸಾಲನ್ನು ದಿನಾ ನೋಡುತ್ತಿದ್ದವನು ನಾನು.

ಈಗ ಹೇಳುತ್ತೇನೆ. ಅತ್ತಿಗೆ ತನ್ನ ತಂಗಿಯ ಮಗಳ ಸೀಮಂತಕ್ಕೆಂದು ಸೋಮನಾಥಪುರಕ್ಕೆ ಹೋಗಿದ್ದ ದಿನ ನೋಡಿಕೊಂಡು ಒಂದು ಟೆಂಪೋ ತಂದೆ. ಫೇಲಾದ ವಿಷಯಗಳ ಪಾಠಕ್ಕೆಂದು ಮಗ ಕಾಲೇಜಿಗೆ ಹೋಗಿದ್ದ. ಅಣ್ಣ ಮನೆಯಲ್ಲೇ ಇದ್ದ; ಒಳ್ಳೆಯ ಕಿವಿ ದಿಂಬಿನಲ್ಲಿತ್ತು. ಡ್ರಮ್ ಸೆಟ್ಟನ್ನು ಪೂರ್ತಿ ಹೇರಿಕೊಂಡು ಹೋಗಿ ಮದುವೆ ಮೆರವಣಿಗೆಗೆ ಬಾರಿಸುವ ಒಂದು ಬ್ಯಾಂಡ್ ಸೆಟ್ಟಿನವರಿಗೆ ಮಾರಿಬಿಟ್ಟೆ. ಇಷ್ಟೇ ಆಗಿದ್ದರೆ ಕಳ್ಳ ಎನಿಸಿಕೊಂಡು ಸುಮ್ಮನಾಗಬಹುದಿತ್ತು. ಸಂಜೆ ಮಗನನ್ನು ಕಾಲೇಜಿನ ಗೇಟಿನಲ್ಲೇ ಹಿಡಿದು, "ದೊಡ್ಡವ್ವ ಡ್ರಮ್ ಮಾರಿಬಿಟ್ಟಳಂತೆ ಕಣೋ, ಗಲಾಟೆ ಸಾಕಾಯಿತಂತೆ. ನಡಿ ಊರಿಗೆ" ಎಂದೆ. ಅವನು ನಂಬಿದ. ಅಪ್ಪ ಸುಳ್ಳು ಹೇಳುತ್ತಾನೆ ಎಂದು ಯಾವ ಮಗ ಅಂದುಕೊಳ್ಳುತ್ತಾನೆ? ನಂಜನಗೂಡು ಮುಟ್ಟುವವರೆಗೂ ಬಸ್ಸಿನ ಕಿಟಕಿಗೆ ಮುಖ ಇಟ್ಟು ಕೂತಿದ್ದ.

ಎರಡು ದಿನ ಬಿಟ್ಟು ಅತ್ತಿಗೆ ಬಂದಳು. ಮಗ ಕೋಣೆಯಿಂದ ಹೊರಗೆ ಬರಲಿಲ್ಲ. ಜಗಲಿಯ ಮೇಲೆ ಕೂತು, ಪಿಸುಮಾತಿನಲ್ಲಿ ಆಕೆಗೆ ನಿಜ ಹೇಳಿದೆ. ಪೊರಕೆ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಹಿಡಿಯಲಿಲ್ಲ.

"ಯಾಕಪ್ಪ ಇಂಗ್ ಮಾಡ್ದೆ?"

"ಪಾಸಾಗಲಿ ಅತ್ತಿಗೆ. ಪಾಸಾದ ಮೇಲೆ ನಾನೇ ನಿಜ ಹೇಳ್ತೀನಿ. ಈಗ ಗೊತ್ತಾದ್ರೆ ಈ ಮನೇಲೂ ಇರಲ್ಲ, ಪುಸ್ತಕಾನೂ ಮುಟ್ಟಲ್ಲ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಆಯ್ತು. ಪಾಸಾಗೋ ಗಂಟ ನಾನೇ ಮಾರ್ದೆ ಅಂತಾನೇ ಇರ್ಲಿ ಬುಡು" ಎಂದು ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದಳು.

ಮಗ ಪಾಸಾದ. ನಾನು ನಿಜ ಹೇಳಲಿಲ್ಲ. ಐಟಿಐ ಮುಗಿಯಲಿ ಎಂದೆ, ಮುಗಿಯಿತು. ಲೈನ್‌ಮ್ಯಾನ್ ಕೆಲಸ ಸಿಗಲಿ ಎಂದೆ, ಹತ್ತಿರದ ಹೆಡತಲೆ ಎಂಬ ಊರಲ್ಲೇ ಸಿಕ್ಕಿತು. ಮದುವೆಯಾಗಲಿ ಎಂದೆ, ಅದೂ ಆಯಿತು. ದೊಡ್ಡವ್ವನ ಕಾಲಿಗೆ ಬಿದ್ದ, ಮುಖ ನೋಡದೆ ಎದ್ದುಹೋದ. ಮನೆಯಲ್ಲಿಟ್ಟುಕೊಂಡು ಸಾಕಿದವಳ ಹತ್ತಿರ ನೆಂಟರ ಹಾಗೆ ನಡೆದುಕೊಂಡ. ಸಿಕ್ಕಾಗಲೆಲ್ಲ ಅತ್ತಿಗೆ ನನ್ನನ್ನು ಒಂದೇ ಮಾತು ಕೇಳುತ್ತಿದ್ದಳು: "ಯೋಳ್ದಾ?" ನಾನು ಇಲ್ಲವೆಂದು ತಲೆ ಆಡಿಸುತ್ತಿದ್ದೆ. "ಸರಿ ಬುಡು" ಎಂದು ಮಾತು ಬದಲಿಸುತ್ತಿದ್ದಳು. ಡ್ರಮ್ ಇಲ್ಲದೆ ಉಳಿದ ಮೂವರೂ ಚೆದುರಿಹೋಗಿದ್ದರು. ಶೆಡ್ಡಿನಲ್ಲಿ ಎಮ್ಮೆಯನ್ನು ಕಟ್ಟಿದರು.

ಇಸವಿ ಎರಡು ಸಾವಿರ ದಾಟಿ ಕೆಲವು ವರ್ಷಗಳಾದ ಮೇಲೆ ಇನ್ನೊಂದು ಹುಡುಗರ ಗುಂಪು ಶೆಡ್ಡು ಕೇಳಿಕೊಂಡು ಬಂತು. ಡ್ರಮ್ಮು ಅವರದೇ, ಕ್ಯಾಸೆಟ್ಟಿನ ಬದಲು ಸಿಡಿ. ಅತ್ತಿಗೆ ಎಮ್ಮೆಯನ್ನು ಆ ಕ್ಷಣವೇ ಹೊರಗೆ ಕಟ್ಟಿದಳು!

"ಅಜ್ಜೀ, ಈಗ ಫಾರಿನ್ನಲ್ಲಿ ಹೊಸಾ ಬ್ಯಾಂಡ್‌ಗಳೂ ಹಳೇ ಥರಾನೇ ಒರಟಾಗಿ ಹಾಡ್ತವೆ, ಕೇಳಿ" ಎಂದು ಸಿಡಿ ಹಾಕಿದರು. ಅತ್ತಿಗೆ ಎರಡು ಹಾಡು ಕೇಳಿದಳು.

"ಅರಿದೋಗಿರೋ ಪ್ಯಾಂಟು ಬ್ಯಾರೆ ಕಣ್ರುಲಾ, ಅಂಗಡೀಲೇ ಅರ್ದು ಮಾರೋ ಪ್ಯಾಂಟು ಬ್ಯಾರೆ. ಇವು ಅಂಗಡಿ ಪ್ಯಾಂಟು."

ಹುಡುಗರು ಬಿಡಲಿಲ್ಲ. ಹೊಸಬರ ಪರವಾಗಿ ವಾದಿಸಿದರು, ರೇಗಿಸಿದರು, ಇನ್ನಷ್ಟು ಸಿಡಿ ತಂದರು. ಕೊನೆಗೆ ಒಂದು ಬ್ಯಾಂಡಿಗೆ ಮಾತ್ರ ಪಾಸ್ ಮಾರ್ಕು ಸಿಕ್ಕಿತು. ಅದೂ ಹೇಗೆ? "ಆ ಡ್ರಮ್ಮಿನವ್ನು ಸುಮಾರಾಗವ್ನೆ. ನಮ್ ಕೂಸಿನ ಅರ್ಧ ಬರ್ತಾನೆ." ಎಂಥ ಜಗತ್ಪ್ರಸಿದ್ಧ ಡ್ರಮ್ಮರನೂ ನನ್ನ ಮಗನ ಮುಕ್ಕಾಲನ್ನು ಮುಟ್ಟಲು ಆಕೆ ಬಿಡಲಿಲ್ಲ!

ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲಿಗೆ ಹೋಗಿದ್ದೆ. ಹುಡುಗರು ಹಾಡು ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ಅತ್ತಿಗೆ ಎಂದಿನಂತೆ, ಹಿಂದೆ ಈ ಶೆಡ್ಡಿನಲ್ಲಿ ಒಬ್ಬ ಬಾರಿಸಿದರೆ ತಗಡಿನ ಮೇಲಿನ ಧೂಳೆಲ್ಲ ಉದುರುತ್ತಿತ್ತು ಎಂದು ಶುರುಮಾಡಿದಳು. ಡ್ರಮ್ಮಿನ ಹುಡುಗ ಕೇಳಿದ: "ಅಷ್ಟು ಚೆನ್ನಾಗಿ ಬಾರಿಸ್ತಿದ್ದೋರು ಯಾಕಜ್ಜಿ ಬಿಟ್ಬಿಟ್ರು?"

ನಾನು ಅಲ್ಲೇ ಕೂತಿದ್ದೆ. ಅತ್ತಿಗೆ ನನ್ನ ಕಡೆ ನೋಡಲೂ ಇಲ್ಲ.

"ನಾನೇ ಡ್ರಮ್ ಮಾರ್ಬುಟ್ಟೆ ಕಣ್ಲಾ. ಆಗ ಒಸಿ ಕೆಟ್ಟ್ ಬುದ್ಧಿ ಬಂದಿತ್ತು."

"ಥೂ ಅಜ್ಜಿ! ಫ್ಯಾನ್ ಅಂತ ಬೇರೆ ಹೇಳ್ಕೋತೀಯ! ಎಂಥಾ ಕೆಲಸ ಮಾಡ್ದೆ ನೀನು!" ಹುಡುಗರೆಲ್ಲ ಸೇರಿ ನಗುತ್ತಾ ಬೈದರು. ಅತ್ತಿಗೆಯೂ ಅವರ ಜೊತೆ ನಕ್ಕಳು.

ನನಗೆ ಕೂರಲಾಗಲಿಲ್ಲ. ಊಟಕ್ಕೂ ನಿಲ್ಲದೆ ನಂಜನಗೂಡಿನ ಬಸ್ಸು ಹತ್ತಿದೆ.

ಮಗ ಮನೆಯ ಮುಂದೆ ಬೈಕು ತೊಳೆಯುತ್ತಿದ್ದ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಟೆಂಪೋ, ಬ್ಯಾಂಡ್ ಸೆಟ್ಟು, ಜಗಲಿಯಲ್ಲಿ ಆದ ಮಾತು, ಬೆಳಿಗ್ಗೆ ಶೆಡ್ಡಿನಲ್ಲಿ ಕೇಳಿದ ಮಾತು, ಒಂದನ್ನೂ ಬಿಡದೆ. ಅವನು ತಲೆ ಎತ್ತಲಿಲ್ಲ. ತೊಳೆದ ಚಕ್ರವನ್ನೇ ಮತ್ತೆ ತೊಳೆದ. ಬಕೆಟ್ಟಿನಲ್ಲಿ ಉಳಿದ ನೀರನ್ನು ಚೆಲ್ಲಿ, ಬೈಕಿಗೆ ಕಿಕ್ ಹೊಡೆದು, "ಹತ್ತು" ಎಂದ. ಸುತ್ತೂರಿನ ತಿರುವು ಹೋಯಿತು, ಗದ್ದೆಬಯಲು ಹೋಯಿತು, ಬೈಕು ಟಿ. ನರಸೀಪುರದ ಕಡೆಗೇ ಓಡಿತು.

ಶೆಡ್ಡಿನ ಬಾಗಿಲಲ್ಲಿ ನಿಂತ ಅವನನ್ನು ಕಂಡು ಹುಡುಗರು ಬಾರಿಸುವುದನ್ನು ನಿಲ್ಲಿಸಿದರು. ಅತ್ತಿಗೆ ಹಲಗೆಯ ಮೇಲೆ ಕೂತಿದ್ದಳು. ನನ್ನನ್ನೂ ನೋಡಿದಳು, ಅವನನ್ನೂ ನೋಡಿದಳು.

"ದೊಡ್ಡವ್ವಾ, ಅಪ್ಪ ಇವತ್ತು ಹೇಳ್ದ..."

"ಅವನ್ನ ಏನೂ ಅನ್ಬ್ಯಾಡ ಕೂಸೇ. ಅವನು ಅಪ್ಪ. ಎದ್ರುಕೊಳ್ಳಾದೇ ಅವನ ಕೆಲ್ಸ. ನಾನು ಬರೀ ಫ್ಯಾನು, ನಂಗೇನ್ ಭಯ?" ಎಂದಳು. ಆಮೇಲೆ ನಿನ್ನೆ ತಾನೇ ಎದ್ದುಹೋದವನಿಗೆ ಹೇಳುವಂತೆ, "ಈ ಡ್ರಮ್ಮಿನ ಐದ ಮಧ್ಯದಲ್ಲಿ ತಾಳ ಬುಟ್ಟು ಓಡ್ಬುಡ್ತಾನೆ. ಒಸಿ ಕುಂತು ತೋರ್ಸು" ಎಂದಳು.

"ಎಲ್ಲಾ ಮರ್ತೋಗದೆ ದೊಡ್ಡವ್ವ."

"ನಂಗೆ ಗ್ಯಾಪ್ಕ ಅದೆ. ಕುಂತ್ಕೊ."

ಕೂತ. ಹೊಟ್ಟೆ ಬಂದಿದೆ, ಸ್ಟೂಲು ಹಿಂದಕ್ಕೆ ಸರಿಸಿಕೊಂಡ. ಮೊದಲು ಕೈ ತಡವರಿಸಿತು, ಕೋಲು ಒಂದು ಸಲ ಜಾರಿ ಬಿತ್ತು, ಹುಡುಗರು ಮುಖ ಮುಖ ನೋಡಿಕೊಂಡರು. ಅತ್ತಿಗೆ ಬೆರಳಿನಿಂದ ಹಲಗೆಯ ಮೇಲೆ ತಟ್ಟುತ್ತಾ ದಾರಿ ತೋರಿಸಿದಳು. ಆಮೇಲೆ ಅದೆಲ್ಲಿತ್ತೋ, ಬಂತು. ಅತ್ತಿಗೆ ಪಕ್ಕಕ್ಕೆ ಸರಿದು ನನಗೂ ಹಲಗೆಯ ಮೇಲೆ ಜಾಗ ಮಾಡಿಕೊಟ್ಟಳು. ಆಗಲೇ ನನಗೆ ಹೊಳೆದದ್ದು: ಊರವರು ಬೈದಿದ್ದು, ಕಾಲೇಜಿನವರು ದೂರಿದ್ದು, ಅತ್ತಿಗೆ ಹೊಗಳಿದ್ದು, ಎಲ್ಲವನ್ನೂ ಕೇಳಿದ್ದೆ. ನನ್ನ ಮಗ ಬಾರಿಸುವುದನ್ನು ಮಾತ್ರ ನಾನು ಒಂದು ದಿನವೂ ಕೂತು ಕೇಳಿರಲಿಲ್ಲ.

ಅವನು ನಿಲ್ಲಿಸಿದ. ಅಷ್ಟು ದೊಡ್ಡ ವಿಮರ್ಶಕಿ ತಾನು ತೀರ್ಪು ಹೇಳದೆ ನನ್ನ ಕಡೆ ತಿರುಗಿದಳು.

"ಏನ್ ಮೈದುನಪ್ಪ, ಎಂಗಿತ್ತು?"

ನನಗೇನು ಗೊತ್ತು? ತಾಳ ಸರಿಯಿತ್ತೋ ತಪ್ಪಿತ್ತೋ ದೇವರಾಣೆ ತಿಳಿಯದು. ತಪ್ಪಾಯಿತು ಕಣೋ ಎನ್ನಲೆಂದು ಬಾಯಿ ತೆರೆದೆ. ಮಗ ಕೋಲು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದ.

"ಒನ್ಸ್ ಮೋರ್" ಎಂದೆ.